ಟ್ರಾನ್ಸ್‌ಡ್ಯೂಸರ್ ಎಲ್ಲಿ ಕೂರಿಸೋದು: ದೋಣಿಯ ಒಳಗೋ, ಹಿಂದೋ, ತಳ ಕೊರೆದೋ?

ನೀರಿನ ಆಳ, ಕೆಳಗಿನ ಮೀನು ತೋರಿಸುವ ಫಿಶ್ ಫೈಂಡರ್ ಕೊಳ್ಳುವಾಗ ಎಲ್ಲರ ಕಣ್ಣು ಪರದೆಯ ಮೇಲೆ. ಎಷ್ಟು ಇಂಚು, ಜಿಪಿಎಸ್ ಇದೆಯಾ, ಬಿಸಿಲಲ್ಲಿ ಸರಿಯಾಗಿ ಕಾಣುತ್ತಾ ಎಂದು ಹತ್ತು ಸಲ ಕೇಳುತ್ತಾರೆ. ಡಬ್ಬದ ಮೂಲೆಯಲ್ಲಿ ಉದ್ದ ವೈರಿನ ತುದಿಗೆ ಕಪ್ಪು ಪ್ಲಾಸ್ಟಿಕ್ಕಿನ ಒಂದು ಗಡ್ಡೆ ಮಲಗಿರುತ್ತದೆ. ಅದರ ಬಗ್ಗೆ ಯಾರೂ ಕೇಳುವುದಿಲ್ಲ. ದೋಣಿಯ ಪಕ್ಕ ನಿಂತಾಗಲೇ ತಲೆಬಿಸಿ ಶುರು. ಪರದೆಯನ್ನು ಎಲ್ಲಿ ಬೇಕಾದರೂ ಕಟ್ಟಬಹುದು. ಈ ಗಡ್ಡೆಯನ್ನು ಎಲ್ಲಿ ಇಡೋದು?

ಅದೇ ಟ್ರಾನ್ಸ್‌ಡ್ಯೂಸರ್. ಅದಕ್ಕೆ ಮುಖ್ಯವಾಗಿ ಮೂರು ಜಾಗ. ದೋಣಿಯ ಒಳಗೆ ತಳಕ್ಕೆ ಅಂಟಿಸಬಹುದು. ಎಂಜಿನ್ ಕಚ್ಚಿಸುವ ಹಿಂಬದಿಯ ಹಲಗೆಗೆ ಹೊರಗಿನಿಂದ ತಿರುಪು ಹಾಕಿ ಕೂರಿಸಬಹುದು. ಇಲ್ಲವೇ ತಳವನ್ನೇ ಕೊರೆದು ತೂರಿಸಬಹುದು. ನಾನು ಗಂಗೊಳ್ಳಿ, ಮರವಂತೆ ಕಡೆಯ ದೋಣಿಗಳ ವೈರಿಂಗ್ ಕೆಲಸ ಮಾಡುವವನು. ಮೂರೂ ಬಗೆ ಕೂರಿಸಿದ್ದೇನೆ, ಒಂದರಲ್ಲಿ ಕೈ ಸುಟ್ಟುಕೊಂಡಿದ್ದೇನೆ. ನನ್ನ ಅನುಭವದಲ್ಲಿ ದೋಣಿಯ ತಳ ಏನು ಹೇಳುತ್ತದೋ ಅದೇ ತೀರ್ಮಾನ. ಜೇಬು ಆಮೇಲೆ, ಅಂಗಡಿಯವರ ಮಾತು ಅದಕ್ಕೂ ಆಮೇಲೆ.

ಗಾಳಿ ಸೇರಿದರೆ ಕೆಲಸ ಕೆಟ್ಟಿತು

ಆ ಗಡ್ಡೆಯೊಳಗೆ ಪಿಂಗಾಣಿಯಂಥ ಒಂದು ಬಿಲ್ಲೆ ಇದೆ. ಕರೆಂಟು ಕೊಟ್ಟರೆ ಅದು ನಡುಗುತ್ತದೆ. ಅದನ್ನು ನಡುಗಿಸಿದರೆ ಕರೆಂಟು ಕೊಡುತ್ತದೆ. ಬಾಯಿಯೂ ಅದೇ, ಕಿವಿಯೂ ಅದೇ. ಒಂದು ಸಲ ಕೂಗಿ, ಪ್ರತಿಧ್ವನಿಗೆ ಕಾದು ಕೂರುತ್ತದೆ. ಸಮುದ್ರದ ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. 30 ಮೀಟರ್ ಕೆಳಗಿನ ನೆಲ ಮುಟ್ಟಿ ವಾಪಸ್ ಬರಲು ಸೆಕೆಂಡಿನ 25ನೇ ಒಂದು ಪಾಲು ಸಾಕು. ಜಪಾನಿನಲ್ಲಿ ಫುರುನೋ ಅಣ್ಣತಮ್ಮಂದಿರು 1948ರಲ್ಲಿ ಮೀನುಗಾರರಿಗೆಂದು ಮಾರಾಟಕ್ಕೆ ತಂದ ಯಂತ್ರವೂ ಇದನ್ನೇ ಮಾಡುತ್ತಿತ್ತು. ಅಂದಿನಿಂದ ಪರದೆ ಎಷ್ಟೋ ಬದಲಾಗಿದೆ, ಈ ಕೂಗಿ ಕೇಳುವ ಕೆಲಸ ಬದಲಾಗಿಲ್ಲ.

ಕೆರೆಯಲ್ಲಿ ಮುಳುಗು ಹಾಕಿದಾಗ ದಡದಲ್ಲಿ ನಿಂತವರ ಕೂಗು ಕೇಳುವುದೇ ಇಲ್ಲ, ಅಲ್ವಾ? ಗಾಳಿಯಲ್ಲಿ ಬಂದ ಸದ್ದು ನೀರಿನ ಮೈಗೆ ಬಡಿದು ಹೆಚ್ಚೂಕಮ್ಮಿ ಪೂರ್ತಿ ವಾಪಸ್ ಹೋಗುತ್ತದೆ. ನೀರಿನಿಂದ ಗಾಳಿಗೆ ಹೋಗುವಾಗಲೂ ಅದೇ ಕತೆ. ಟ್ರಾನ್ಸ್‌ಡ್ಯೂಸರ್‌ಗೂ ನೀರಿಗೂ ನಡುವೆ ಕಾಗದದಷ್ಟು ತೆಳುವಾದ ಗಾಳಿಯ ಪದರ ಇದ್ದರೂ ಕೂಗು ಅಲ್ಲೇ ನಿಂತುಬಿಡುತ್ತದೆ. ಗಟ್ಟಿ ಫೈಬರ್ ಹಾಗಲ್ಲ. ರಾಳ ಮತ್ತು ಗಾಜಿನ ಎಳೆ ಒಂದಕ್ಕೊಂದು ಒತ್ತಿ ಕೂತಿದ್ದರೆ ಸದ್ದು ಅದರ ಮೂಲಕ ಹಾದುಹೋಗುತ್ತದೆ. ಸ್ವಲ್ಪ ಸೊರಗುತ್ತದೆ, ಆದರೆ ಹಾದುಹೋಗುತ್ತದೆ. ದೋಣಿಗೆ ತೂತು ಮಾಡದೆ ಒಳಗಿನಿಂದಲೇ ಆಳ ನೋಡುವ ಉಪಾಯ ನಿಂತಿರುವುದು ಇದರ ಮೇಲೆ.

ಮರದೊಳಗೆ ಲಕ್ಷಾಂತರ ಸಣ್ಣ ಗೂಡುಗಳಿವೆ, ಗೂಡಿನೊಳಗೆ ಗಾಳಿ. ಹಾಗಾಗಿ ಮರದ ದೋಣಿಗೆ ಒಳಗಿನಿಂದ ಕೂರಿಸುವ ಆಸೆ ಬಿಡಿ. ಕಬ್ಬಿಣದ ಬೋಟಿಗೂ ಬೇಡ. ಫೈಬರ್ ಆದರೂ ಎರಡು ಪದರಗಳ ನಡುವೆ ಥರ್ಮೋಕೋಲಿನಂಥ ಫೋಮ್ ಇಲ್ಲವೇ ಪ್ಲೈವುಡ್ ಇಟ್ಟು ಕಟ್ಟಿದ್ದರೆ ಅದೂ ಆಗದು.

ನಿಮ್ಮದು ನಿಜವಾಗಿ ಫೈಬರ್ ದೋಣಿಯಾ?

ಸುಮ್ನೆ ಕೇಳುತ್ತಿಲ್ಲ. ನಮ್ಮ ಕರಾವಳಿಯಲ್ಲಿ ಹಳೆಯ ಮರದ ದೋಣಿಗೆ ಮೇಲಿನಿಂದ ಫೈಬರ್ ಹೊದಿಸುವ ರೂಢಿ ಇದೆ. ಬಣ್ಣ ಬಳಿದ ಮೇಲೆ ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ. ದೋಣಿಯನ್ನು ಎರಡನೇ ಕೈಯಿಂದ ಕೊಂಡವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. "ಎಂತದಾ ಮಾರಾಯ, ಇದು ಫೈಬರೇ" ಎಂದು ಎದೆ ತಟ್ಟಿ ಹೇಳಿದವರ ದೋಣಿಯ ಒಳಗೆ ಕೆರೆದು ನೋಡಿದರೆ ಹಲಗೆ ಸಿಕ್ಕಿದ್ದುಂಟು.

ಕಟ್ಟಿದವರು ಹತ್ತಿರದಲ್ಲಿದ್ದರೆ ಅವರನ್ನೇ ಕೇಳಿ. ಇಲ್ಲದಿದ್ದರೆ ದೋಣಿಯಲ್ಲಿ ಮೊದಲೇ ಇರುವ ಯಾವುದಾದರೂ ತೂತು ನೋಡಿ. ನೀರು ಬಿಡುವ ಬಿರಡೆಯ ತೂತು ತುಂಬ ಒಳ್ಳೆಯ ಸಾಕ್ಷಿ. ಅದರ ಅಂಚಿನಲ್ಲಿ ಪದರ ಪದರವಾಗಿ ರಾಳ ಕಂಡರೆ ಗಟ್ಟಿ ಫೈಬರ್. ನಡುವೆ ಬೇರೆ ಬಣ್ಣದ ಪಟ್ಟಿ ಕಂಡರೆ ಹುಷಾರು. ಸಣ್ಣ ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿದರೂ ತಕ್ಕಮಟ್ಟಿಗೆ ತಿಳಿಯುತ್ತದೆ. ಗಟ್ಟಿ ಫೈಬರ್ ಟಣ್ ಎನ್ನುತ್ತದೆ, ಒಳಗೆ ಬೇರೇನೋ ಇದ್ದರೆ ದಬ್ ಎಂದು ಮಂಕಾಗಿ ಕೇಳುತ್ತದೆ. ತೆಂಗಿನಕಾಯಿ ತಟ್ಟಿ ನೋಡಿ ಕೊಳ್ಳುವವರಿಗೆ ಇದನ್ನು ಕಲಿಸಬೇಕಾಗಿಲ್ಲ.

ದಪ್ಪವೂ ಮುಖ್ಯ. ಸದ್ದು ಫೈಬರನ್ನು ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ದಾಟಬೇಕು. ಹಾಗಾಗಿ ನಷ್ಟವೂ ಎರಡು ಸಲ. ತಳ ತೆಳುವಾಗಿದ್ದಷ್ಟೂ ಒಳ್ಳೆಯದು. ದೋಣಿಯ ಬೆನ್ನೆಲುಬಿನಂಥ ನಡುವಿನ ಕೀಲ್ ಮೇಲೆ, ಅಡ್ಡಪಟ್ಟಿಗಳ ಪಕ್ಕದಲ್ಲಿ, ರಿಪೇರಿ ಮಾಡಿ ಪದರದ ಮೇಲೆ ಪದರ ಹಾಕಿದ ಕಡೆ ದಪ್ಪ ಜಾಸ್ತಿ. ಅಂಥ ಜಾಗ ಬಿಡಿ.

ಅಂಟಿಸುವ ಮೊದಲು ಒಂದು ಪ್ಲಾಸ್ಟಿಕ್ ಚೀಲ

ಇಡೀ ಕೆಲಸದಲ್ಲಿ ಯಾವುದನ್ನು ಬಿಟ್ಟರೂ ಇದೊಂದನ್ನು ಬಿಡಬೇಡಿ. ಖರ್ಚು ಏನೂ ಇಲ್ಲ.

ಪರದೆ, ಬ್ಯಾಟರಿ, ಟ್ರಾನ್ಸ್‌ಡ್ಯೂಸರ್ ಎಲ್ಲವನ್ನೂ ದೋಣಿಯಲ್ಲಿಟ್ಟುಕೊಂಡು 10–15 ಮಾರು (ಒಂದು ಮಾರು ಅಂದರೆ ಆರಡಿ) ಆಳದ ನೀರಿಗೆ ಹೋಗಿ. ಎಂಜಿನ್ ನಿಲ್ಲಿಸಿ. ಮೊದಲು ಟ್ರಾನ್ಸ್‌ಡ್ಯೂಸರನ್ನು ದೋಣಿಯ ಪಕ್ಕದಿಂದ ನೀರಿಗೆ ಇಳಿಸಿ, ಮುಖ ನೇರ ಕೆಳಕ್ಕೆ ಇರಲಿ. ಆಳ ಎಷ್ಟು ತೋರಿಸುತ್ತದೆ, ನೆಲದ ಗೆರೆ ಎಷ್ಟು ದಪ್ಪ ಎಂದು ನೋಡಿಕೊಳ್ಳಿ. ಇಲ್ಲೊಂದು ಕಿತಾಪತಿ ಇದೆ. ಹೆಚ್ಚಿನ ಯಂತ್ರಗಳಲ್ಲಿ ಗೇನ್, ಅಂದರೆ ಯಂತ್ರದ ಕಿವಿಯ ಚುರುಕು, ಆಟೋದಲ್ಲಿರುತ್ತದೆ. ಸದ್ದು ಸೊರಗಿದರೆ ಯಂತ್ರ ತಾನೇ ಕಿವಿ ಚುರುಕು ಮಾಡಿಕೊಂಡು ನಷ್ಟವನ್ನು ಮುಚ್ಚಿಹಾಕುತ್ತದೆ. ಆದ್ದರಿಂದ ಆಟೋ ತೆಗೆದು ಗೇನನ್ನು ಒಂದು ಅಂಕಿಯಲ್ಲಿ ನಿಲ್ಲಿಸಿ, ಆ ಅಂಕಿಯನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ.

ಈಗ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ನೀರು ತುಂಬಿ ಟ್ರಾನ್ಸ್‌ಡ್ಯೂಸರನ್ನು ಅದರೊಳಗೆ ಇಳಿಸಿ, ಗಾಳಿ ಹೊರಗೆ ಹಾಕಿ ಬಾಯಿ ಕಟ್ಟಿ. ದೋಣಿಯ ಒಳತಳವನ್ನು ಒದ್ದೆ ಮಾಡಿ ಅದರ ಮೇಲೆ ಚೀಲ ಒತ್ತಿ ಹಿಡಿಯಿರಿ. ಅದೇ ಗೇನಿನಲ್ಲಿ ನೆಲದ ಗೆರೆ ಸ್ವಲ್ಪ ಮಂಕಾದರೆ ಪರವಾಗಿಲ್ಲ, ಅಷ್ಟು ಎಲ್ಲರಿಗೂ ಆಗುತ್ತದೆ. ಗೆರೆ ಮಾಯವಾದರೆ ಚೀಲವನ್ನು ಒಂದು ಗೇಣು ಆಚೆ ಈಚೆ ಸರಿಸಿ ನೋಡಿ. ಎಲ್ಲೂ ಸಿಗದಿದ್ದರೆ ಒಳಗಿನ ದಾರಿ ನಿಮಗಲ್ಲ. ನೂರು ರೂಪಾಯಿಯ ಎಪಾಕ್ಸಿಯೂ ಉಳಿಯಿತು, ಟ್ರಾನ್ಸ್‌ಡ್ಯೂಸರೂ ಉಳಿಯಿತು.

ಸಿಕ್ಕರೆ, ಚೀಲ ಒತ್ತಿ ಹಿಡಿದ ಹಾಗೇ ಎಂಜಿನ್ ಹಾಕಿ ಪೂರ್ತಿ ವೇಗದಲ್ಲಿ ಓಡಿಸಿ. ಇದಕ್ಕೆ ಇಬ್ಬರು ಬೇಕು. ನಿಂತಾಗ ಚೆನ್ನಾಗಿ ಕಂಡ ಜಾಗ ಓಡುವಾಗ ಕುರುಡಾಗಬಹುದು. ದೋಣಿಯ ಮುಂಭಾಗ ಅಲೆ ಸೀಳುವಾಗ ಏಳುವ ನೊರೆ ತಳದ ಕೆಳಗೆ ಹರಿದು ಬರುತ್ತದೆ. ನೊರೆ ಅಂದರೆ ಮತ್ತೆ ಗಾಳಿ. ವೇಗದ ದೋಣಿಯ ಮೂತಿ ಮೇಲೇಳುತ್ತದೆ, ನೀರಿಗೆ ತಾಗಿಕೊಂಡಿರುವುದು ಹಿಂದಿನ ಭಾಗ ಮಾತ್ರ. ಅದಕ್ಕೇ ಹಿಂದೆ ಎಂಜಿನ್ ಕಚ್ಚಿಸಿದ ಔಟ್‌ಬೋರ್ಡ್ ದೋಣಿಯಲ್ಲಿ ಹಿಂದಿನ ಮೂರನೇ ಒಂದು ಭಾಗದಲ್ಲಿ, ನಡುಗೆರೆಗೆ ಹತ್ತಿರವಾದ ಜಾಗ ಸಾಮಾನ್ಯವಾಗಿ ಗೆಲ್ಲುತ್ತದೆ. ನಿಧಾನಕ್ಕೆ ಹೋಗುವ ದೊಡ್ಡ ಬೋಟಾದರೆ ಇನ್ನೂ ಮುಂದಕ್ಕೆ ಹೋಗಬಹುದು.

ಒಳಗೆ ಅಂಟಿಸುವುದು, ಮತ್ತು ನನ್ನ ಎಡವಟ್ಟು

ಮೊದಲ ಸಲ ನಾನು ಒಳಗೆ ಅಂಟಿಸಿದ್ದು ಭಾವನ 28 ಅಡಿ ದೋಣಿಗೆ. ಐದು ನಿಮಿಷಕ್ಕೆ ಗಟ್ಟಿಯಾಗುವ ಅಂಟು ತಂದೆ. ಮಧ್ಯಾಹ್ನದ ಬಿಸಿಲು. ಬೇಗ ಬೇಗ ಕಲಸಿ, ಸುರಿದು, ಒತ್ತಿದೆ. ದೋಣಿ ಕಟ್ಟುವ ಧಕ್ಕೆಯ ಹತ್ತಿರ ನಾಲ್ಕು ಮೀಟರ್ ನೀರಿನಲ್ಲಿ ಚೆಂದವಾಗಿ ಆಳ ತೋರಿಸಿತು. ಭಾವ ಖುಷಿಯಾಗಿ ಚಾ ಕುಡಿಸಿದರು. ಮಾರನೇ ದಿನ 12 ಮಾರು ದಾಟುತ್ತಲೇ ಪರದೆ ಖಾಲಿ. ಉಳಿಯಿಂದ ಎಬ್ಬಿಸಿ ನೋಡಿದರೆ ಅಂಟಿನೊಳಗೆ ಸಾಸಿವೆ ಚೆಲ್ಲಿದ ಹಾಗೆ ಗುಳ್ಳೆಗಳು. ಎಬ್ಬಿಸುವಾಗ ಟ್ರಾನ್ಸ್‌ಡ್ಯೂಸರ್ ಸೀಳಿತು. ಹೊಸದಕ್ಕೆ ದುಡ್ಡು ನನ್ನದೇ.

ತಪ್ಪು ಎಲ್ಲಿ ಆಯಿತು ಅಂದರೆ, ಬೇಗ ಗಟ್ಟಿಯಾಗುವ ಅಂಟು ಗುಳ್ಳೆಗಳಿಗೆ ಮೇಲೆ ಬರಲು ಸಮಯ ಕೊಡುವುದಿಲ್ಲ. ನಿಧಾನಕ್ಕೆ ಗಟ್ಟಿಯಾಗುವ, ಕನಿಷ್ಠ ಅರ್ಧ ಗಂಟೆ ತೆಳುವಾಗಿ ಉಳಿಯುವ ಎಪಾಕ್ಸಿ ಬೇಕು. ಸಿಲಿಕೋನ್ ಬೇಡವೇ ಬೇಡ. ಅದು ಮೆತ್ತಗಿನ ರಬ್ಬರು, ಸದ್ದನ್ನು ನುಂಗುತ್ತದೆ. ದೋಣಿ ಕಟ್ಟುವವರ ಹತ್ತಿರ ಡಬ್ಬಗಟ್ಟಲೆ ಇರುವ ಪಾಲಿಯೆಸ್ಟರ್ ರಾಳ ಪುಕ್ಕಟೆ ಸಿಗುತ್ತದೆ ಎಂದು ಅದನ್ನೂ ಸುರಿಯಬೇಡಿ. ಗಟ್ಟಿಯಾದ ಹಳೆಯ ಫೈಬರ್ ಮೇಲೆ ಅದು ಎಪಾಕ್ಸಿಯಷ್ಟು ಬಿಗಿಯಾಗಿ ಹಿಡಿಯುವುದಿಲ್ಲ.

ಈಗ ನಾನು ಮಾಡುವ ಕ್ರಮ ಹೀಗೆ. ದೋಣಿಯ ಒಳಮೈ ಸಾಮಾನ್ಯವಾಗಿ ಚಾಪೆ ಹೆಣೆದ ಹಾಗೆ ಒರಟಾಗಿರುತ್ತದೆ. ಆ ಹೆಣಿಗೆಯ ಸಂದಿಗಳಲ್ಲೇ ಗಾಳಿ ಕೂರುವುದು. ಒಂದು ಅಂಗೈ ಅಗಲಕ್ಕೆ ಬಣ್ಣವೆಲ್ಲ ಹೋಗಿ ಬರೀ ಫೈಬರ್ ಕಾಣುವ ತನಕ, ಮೈ ಸಪಾಟಾಗುವ ತನಕ ಉಜ್ಜುತ್ತೇನೆ. ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಗಾಜಿನ ಪುಡಿ ಅದು. ಆಮೇಲೆ ಅಸಿಟೋನ್ ಹಾಕಿದ ಬಟ್ಟೆಯಲ್ಲಿ ಒರೆಸುತ್ತೇನೆ. ಅಸಿಟೋನ್ ದೋಣಿಗೆ ಮಾತ್ರ. ಟ್ರಾನ್ಸ್‌ಡ್ಯೂಸರ್‌ನ ಪ್ಲಾಸ್ಟಿಕ್ಕಿಗೆ ತಾಗಿಸಿದರೆ ಅದು ಹಾಳಾಗುತ್ತದೆ. ಅದಕ್ಕೆ ಸೋಪುನೀರು ಸಾಕು. ಸುತ್ತ ಎಂ-ಸೀಲ್‌ನಿಂದ ಬೆರಳೆತ್ತರದ ಕಟ್ಟೆ ಕಟ್ಟುತ್ತೇನೆ. ಎಪಾಕ್ಸಿಯನ್ನು ಮೊಟ್ಟೆ ಗೊಟಾಯಿಸಿದ ಹಾಗೆ ಕಲಕಬಾರದು, ನಿಧಾನವಾಗಿ ತಿರುಗಿಸಬೇಕು. ಸುರಿದು ಕೆಲವು ನಿಮಿಷ ಕಾಯಬೇಕು, ಗುಳ್ಳೆ ಮೇಲೆ ಬಂದು ಒಡೆಯುತ್ತವೆ. ಟ್ರಾನ್ಸ್‌ಡ್ಯೂಸರ್‌ನ ಮುಖಕ್ಕೂ ತೆಳುವಾಗಿ ಸವರಿ, ಒಂದು ಅಂಚನ್ನು ಮೊದಲು ಮುಳುಗಿಸಿ, ಆಮೇಲೆ ಪೂರ್ತಿ ಇಳಿಸಿ ಎಡಬಲ ತಿರುಚಬೇಕು. ಅಡಿಯ ಗಾಳಿ ಹೊರಗೆ ಹೋಗುತ್ತದೆ. ಮೇಲೆ ಒಂದು ಭಾರ ಇಟ್ಟು 24 ಗಂಟೆ ಮುಟ್ಟಬಾರದು. ಸಂಜೆ ತಂಪಿನಲ್ಲಿ ಮಾಡಿದರೆ ಇನ್ನೂ ಒಳ್ಳೆಯದು. ಎಪಾಕ್ಸಿಯ ಪದರ ತೆಳುವಾಗಿರಲಿ. ಒಮ್ಮೆಲೇ ದಪ್ಪಕ್ಕೆ ಸುರಿದರೆ ತಾನೇ ಬಿಸಿಯಾಗಿ ಕುದಿಯುತ್ತದೆ.

ಇದರ ತೊಂದರೆ ಎರಡು. ಅಂಟಿಸಿದ್ದು ಅಂಟಿಸಿದ್ದೇ, ವಾಪಸ್ ತೆಗೆಯಲಾಗದು. ಜೊತೆಗೆ ದೋಣಿಯ ತಳ ಓರೆಯಾಗಿದ್ದರೆ ಟ್ರಾನ್ಸ್‌ಡ್ಯೂಸರೂ ಓರೆಯಾಗಿ ಕೂರುತ್ತದೆ. ಕೂಗು ನೇರ ಕೆಳಗೆ ಹೋಗದೆ ಒಂದು ಪಕ್ಕಕ್ಕೆ ಹೋಗುತ್ತದೆ.

ನೀರಿನ ತೊಟ್ಟಿ

ಈ ಎರಡೂ ತೊಂದರೆಗೆ ಮದ್ದು ಒಳಗೇ ಒಂದು ಸಣ್ಣ ತೊಟ್ಟಿ. 110 ಮಿಲಿಮೀಟರಿನ ಪಿವಿಸಿ ಪೈಪಿನ ಗೇಣುದ್ದದ ತುಂಡು ತೆಗೆದುಕೊಳ್ಳಿ, ಪ್ಲಂಬರ್ ಬಿಸಾಡುವ ತುಂಡೇ ಸಾಕು. ಅದರ ಕೆಳ ಅಂಚನ್ನು ದೋಣಿಯ ಓರೆಗೆ ಸರಿಯಾಗಿ ಕತ್ತರಿಸಿ, ಪೈಪು ನೇರ ನಿಲ್ಲುವಂತೆ ಅಂಟಿಸಬೇಕು. ಒಳಗೆ ದ್ರವ ತುಂಬಿ, ಟ್ರಾನ್ಸ್‌ಡ್ಯೂಸರನ್ನು ಮಟ್ಟವಾಗಿ ಅದರಲ್ಲಿ ಮುಳುಗಿಸಿ, ಮೇಲೆ ಮುಚ್ಚಳ. ಕೆಟ್ಟರೆ ಮುಚ್ಚಳ ತೆಗೆದು ಬದಲಾಯಿಸಬಹುದು. ಏರ್‌ಮಾರ್ ಕಂಪನಿಯ ಪಿ79 ಎಂಬುದು ಇದೇ ಯೋಚನೆಯ ರೆಡಿಮೇಡ್ ರೂಪ. ಅದರ ಬುಡವನ್ನು ತಳದ ಓರೆಗೆ ತಕ್ಕಂತೆ 22 ಡಿಗ್ರಿವರೆಗೆ ತಿರುಗಿಸಿ ಹೊಂದಿಸಬಹುದು.

ಯಾವ ದ್ರವ? ತಯಾರಕರು ಪ್ರೊಪಿಲೀನ್ ಗ್ಲೈಕಾಲ್ ಎನ್ನುತ್ತಾರೆ. ಚಳಿ ದೇಶಗಳಲ್ಲಿ ಬರೀ ನೀರಿಟ್ಟರೆ ಹೆಪ್ಪುಗಟ್ಟಿ ತೊಟ್ಟಿ ಒಡೆಯುತ್ತದೆ, ಅದಕ್ಕೆ. ನಮ್ಮ ಕಡೆ ಆ ಭಯ ಇಲ್ಲ. ಆದರೆ ನೀರು ಬಿಸಿಲಿಗೆ ಆರುತ್ತದೆ, ಪಾಚಿ ಕಟ್ಟುತ್ತದೆ, ಮಟ್ಟ ಇಳಿದ ದಿನ ಪರದೆ ಖಾಲಿ. ನಾನು ಹಾಕುವುದು ಹರಳೆಣ್ಣೆ. ಸದ್ದಿನ ವಿಷಯದಲ್ಲಿ ಅದರ ಗುಣ ನೀರಿಗೆ ಬಹಳ ಹತ್ತಿರ, ಸೋನಾರ್ ಯಂತ್ರಗಳ ಒಳಗೇ ಅದನ್ನು ತುಂಬಿಸುವ ಪದ್ಧತಿ ಹಳೆಯದು. ಆರುವುದಿಲ್ಲ, ಪಾಚಿ ಇಲ್ಲ. ಅಂಟಂಟು ನಿಜ, ಚೆಲ್ಲಿದರೆ ಕಾಲು ಜಾರುತ್ತದೆ.

ಒಳಗೆ ಕೂರಿಸಿದರೆ ಏನು ಕಳೆದುಕೊಳ್ಳುತ್ತೀರಿ?

ನೀರಿನ ಬಿಸಿ ತೋರಿಸುವ ಅಂಕಿ ಸುಳ್ಳಾಗುತ್ತದೆ. ಅದು ದೋಣಿಯ ತಳದ ಬಿಸಿ ತೋರಿಸುತ್ತಿರುತ್ತದೆ, ಸಮುದ್ರದ್ದಲ್ಲ. ಅದು ಬೇಕೇ ಬೇಕು ಅನ್ನುವವರು ಬೇರೆ ಸೆನ್ಸರ್ ಹೊರಗೆ ಹಾಕಬೇಕು.

ಎರಡನೆಯದು ದೊಡ್ಡ ಮಾತು. ಈಗಿನ ಯಂತ್ರಗಳಲ್ಲಿ ಬಂಡೆ, ಮರದ ತುಂಡು ಎಲ್ಲ ಫೋಟೋದ ಹಾಗೆ ತೋರಿಸುವ ಡೌನ್ ಇಮೇಜಿಂಗ್, ಸೈಡ್ ಇಮೇಜಿಂಗ್ ಇರುತ್ತದೆ. ಅವು 455, 800 ಕಿಲೋಹರ್ಟ್ಸ್‌ನಂಥ ಎತ್ತರದ ಸದ್ದು ಬಳಸುತ್ತವೆ. ಸದ್ದು ಎತ್ತರವಾದಷ್ಟೂ ಫೈಬರ್ ಅದನ್ನು ಹೆಚ್ಚು ತಿನ್ನುತ್ತದೆ. ಪಕ್ಕಕ್ಕೆ ಹೋಗಬೇಕಾದ ಸದ್ದಿಗಂತೂ ತಳವೇ ಗೋಡೆ. ಇಂಥ ಯಂತ್ರಕ್ಕೆ ದುಡ್ಡು ಕೊಟ್ಟು ಟ್ರಾನ್ಸ್‌ಡ್ಯೂಸರನ್ನು ಒಳಗೆ ಅಂಟಿಸಿದರೆ ಕೊಟ್ಟ ದುಡ್ಡಿನ ಅರ್ಧ ಉಪಯೋಗ ಹೋಯಿತು. ಒಳಗೆ ಕೂರಿಸಲು ಸರಿ ಹೊಂದುವುದು 50 ಮತ್ತು 200 ಕಿಲೋಹರ್ಟ್ಸ್‌ನ ಹಳೆಯ ಬಗೆಯ ಯಂತ್ರ, ಇಲ್ಲವೇ ಆ ಸುತ್ತಮುತ್ತಲಿನ ಚರ್ಪ್, ಅಂದರೆ ಒಂದೇ ಕೂಗಿನಲ್ಲಿ ಹಲವು ಎತ್ತರದ ಸದ್ದು ಬಿಡುವ ಯಂತ್ರ.

ಮೂರನೆಯದು ಆಳ. ನಾಡದೋಣಿಯವರು ಹೆಚ್ಚಾಗಿ ಬಲೆ ಹಾಕುವ ನೀರಿನಲ್ಲಿ ಇದು ತಲೆ ಕೆಡಿಸಿಕೊಳ್ಳುವಷ್ಟಲ್ಲ. 20 ಮಾರು ನೀರಿನಲ್ಲಿ ನೆಲ ನೋಡಲು ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಶಕ್ತಿ ಸಣ್ಣ ಯಂತ್ರದಲ್ಲೂ ಇರುತ್ತದೆ, ಸ್ವಲ್ಪ ಸೋರಿಹೋದರೂ ನಡೆಯುತ್ತದೆ. ಆದರೆ ನೆಲ ಕಾಣುವುದು ಬೇರೆ, ಮೀನು ಕಾಣುವುದು ಬೇರೆ. ಮೀನಿನ ಪ್ರತಿಧ್ವನಿಯ ಬಹುಪಾಲು ಬರುವುದು ಅದರ ಹೊಟ್ಟೆಯೊಳಗಿನ ಗಾಳಿಚೀಲದಿಂದ. ಬೂತಾಯಿಗೆ ಆ ಚೀಲ ಇದೆ, ಅದೂ ಗುಂಪಾಗಿ ಬರುತ್ತದೆ, ಪರದೆಯ ಮೇಲೆ ಮೋಡದ ಹಾಗೆ ಕಾಣುತ್ತದೆ. ಅಂಜಲ್ ಮೀನಿಗೆ ಗಾಳಿಚೀಲ ಇಲ್ಲ. ಒಳ್ಳೆಯ ಟ್ರಾನ್ಸ್‌ಡ್ಯೂಸರ್ ನೇರ ನೀರಲ್ಲಿದ್ದರೂ ಅದು ತೆಳು ಗೀಟು ಅಷ್ಟೇ. ಫೈಬರ್ ದಾಟಿ ಬರುವಾಗ ಅದೂ ಮಾಯವಾಗಬಹುದು. ಅಂಜಲ್ ಹಿಂದೆ ಹೋಗುವವರು ಒಳಗಿನ ದಾರಿ ಹಿಡಿಯುವ ಮೊದಲು ಇದನ್ನು ಎರಡು ಸಲ ಯೋಚಿಸಿ.

ಹಿಂಬದಿಯ ಹಲಗೆ

ಡಬ್ಬದಲ್ಲಿ ಬರುವ ಕ್ಲಾಂಪ್ ಇದಕ್ಕೇ. ಅಂಗಡಿಯವರು ಟ್ರಾನ್ಸಂ ಮೌಂಟ್ ಎನ್ನುತ್ತಾರೆ. ಬೇರೇನೂ ಕೊಳ್ಳಬೇಕಿಲ್ಲ, ಅರ್ಧ ದಿನದ ಕೆಲಸ, ಯಂತ್ರದ ಎಲ್ಲ ಆಟವೂ ನಡೆಯುತ್ತದೆ. ಹೊಳೆ, ಹಿನ್ನೀರು, ಜಲಾಶಯಗಳಲ್ಲಿ ಗಾಳ ಹಾಕುವವರಿಗೆ ಇದಕ್ಕಿಂತ ಬೇರೆ ಯೋಚನೆ ಬೇಡ.

ಕೂರಿಸುವ ಜಾಗ ಮುಖ್ಯ. ಹಿಂದಿನಿಂದ ನೋಡಿದಾಗ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತಿದ್ದರೆ ಬಲಗಡೆ ಹಾಕಿ. ಆ ಕಡೆ ಎಲೆ ಮೇಲಿಂದ ಕೆಳಗೆ ಇಳಿಯುತ್ತದೆ, ನೊರೆ ಕಡಿಮೆ. ಪ್ರೊಪೆಲ್ಲರಿನಿಂದ 38 ಸೆಂಟಿಮೀಟರಿಗಿಂತ ಹತ್ತಿರ ಬೇಡ. ಫೈಬರ್ ದೋಣಿಯಲ್ಲಿ ಟ್ರಾನ್ಸ್‌ಡ್ಯೂಸರ್ ತಳದ ಮಟ್ಟದಿಂದ ಸುಮಾರು 3 ಮಿಲಿಮೀಟರ್ ಮಾತ್ರ ಕೆಳಗೆ ಇಳಿದಿರಬೇಕು. ಜಾಸ್ತಿ ಇಳಿಸಿದರೆ ನೀರು ಚಿಮ್ಮುತ್ತದೆ, ಇಳಿಸದಿದ್ದರೆ ವೇಗದಲ್ಲಿ ಕುರುಡು. ತಿರುಪು ಹಾಕುವ ಪ್ರತಿ ತೂತಿಗೂ ಸೀಲಂಟ್ ತುಂಬಿ. ಹಿಂಬದಿಯ ಹಲಗೆಯ ಒಳಗೆ ಸಾಮಾನ್ಯವಾಗಿ ಪ್ಲೈವುಡ್ ಇರುತ್ತದೆ, ಒಂದು ತಿರುಪಿನ ತೂತಿನಿಂದ ನೀರು ಇಳಿದರೆ ಸದ್ದಿಲ್ಲದೆ ಕೊಳೆಯುತ್ತದೆ. ನಾನು ಮೊದಲು ಒಂದು ಪ್ಲಾಸ್ಟಿಕ್ ಹಲಗೆಯನ್ನು ಭದ್ರವಾಗಿ ಕೂರಿಸಿ, ಟ್ರಾನ್ಸ್‌ಡ್ಯೂಸರ್‌ನ ತಿರುಪುಗಳನ್ನು ಅದಕ್ಕೆ ಹಾಕುತ್ತೇನೆ. ಮೇಲೆ ಕೆಳಗೆ ಸರಿಸಬೇಕಾದಾಗ ದೋಣಿಗೆ ಹೊಸ ತೂತು ಬೀಳುವುದಿಲ್ಲ.

ಇಷ್ಟೆಲ್ಲ ಒಳ್ಳೆಯದಿದ್ದೂ ಮರವಂತೆಯಂಥ ಕಡೆ ನಾನು ಇದನ್ನು ಹಾಕಲು ಹಿಂಜರಿಯುತ್ತೇನೆ. ಕಾರಣ ಮರಳು. ದಿನಾ ದೋಣಿಯನ್ನು ದಡಕ್ಕೆ ಎಳೆದು, ಮತ್ತೆ ನೂಕಿ ಇಳಿಸುವಲ್ಲಿ ತಳದಿಂದ ಹೊರಗೆ ಇಣುಕುವ ಯಾವ ವಸ್ತುವೂ ಬಹಳ ದಿನ ಬಾಳುವುದಿಲ್ಲ. ಹತ್ತು ಜನ ಸೇರಿ ಹಯ್ಯೋ ಎಂದು ಎಳೆಯುವಾಗ "ನಿಧಾನ, ಅಲ್ಲಿ ಸೆನ್ಸರ್ ಇದೆ" ಎಂದರೆ ಯಾರ ಕಿವಿಗೆ ಬೀಳುತ್ತದೆ? ಬಲೆ ಬಿಡುವಾಗ, ಎಳೆಯುವಾಗ ಹಗ್ಗ ಸಿಕ್ಕಿಕೊಳ್ಳುವುದು ಇನ್ನೊಂದು. ಒಳಗಿನ ದಾರಿ ನಿಜವಾಗಿ ಗೆಲ್ಲುವುದು ಇಂಥ ದೋಣಿಗಳಲ್ಲೇ. ಅಲ್ಲಿ ಒಡೆಯಲು ಹೊರಗೆ ಏನೂ ಇಲ್ಲ.

ತಳ ಕೊರೆಯುವುದು

ಮರದ ಬೋಟು, ಕಬ್ಬಿಣದ ಬೋಟು, ಆಳಕ್ಕೆ ಹೋಗುವ ಟ್ರಾಲ್ ಬೋಟು ಇವರಿಗೆಲ್ಲ ಇದೇ ಸರಿ. ಟ್ರಾನ್ಸ್‌ಡ್ಯೂಸರ್ ನೇರ ನೀರಿಗೆ ಮುಖ ಮಾಡಿರುತ್ತದೆ, ನಷ್ಟವೇ ಇಲ್ಲ, ದೊಡ್ಡ ವ್ಯಾಟಿನದೂ ಹಾಕಬಹುದು. ಇದು ಮನೆಯಲ್ಲಿ ಕಲಿತು ಮಾಡುವ ಕೆಲಸ ಅಲ್ಲ, ಹಾಗಾಗಿ ಉದ್ದ ಬರೆಯುವುದಿಲ್ಲ. ಕೆಲಸ ಮಾಡಿಸುವಾಗ ನೀವು ನಿಂತು ನೋಡಬೇಕಾದ ನಾಲ್ಕು ಮಾತು ಮಾತ್ರ ಹೇಳುತ್ತೇನೆ.

ಮರದ ಬೋಟಿಗೆ ಕಂಚಿನದೇ ಬೇಕು. ನೀರು ಕುಡಿದ ಮರ ಉಬ್ಬುತ್ತದೆ, ಪ್ಲಾಸ್ಟಿಕ್ಕಿನ ಕತ್ತು ಮುರಿಯುತ್ತದೆ. ಕಬ್ಬಿಣದ ಬೋಟಿಗೆ ಕಂಚು ಹಾಕಬೇಡಿ. ಉಪ್ಪುನೀರಿನಲ್ಲಿ ಎರಡು ಬೇರೆ ಲೋಹ ಸೇರಿದರೆ ಬ್ಯಾಟರಿಯ ಹಾಗಾಗಿ ಕಬ್ಬಿಣ ಸವೆಯುತ್ತದೆ. ಅದಕ್ಕೆ ಪ್ಲಾಸ್ಟಿಕ್ ಇಲ್ಲವೇ ನಡುವೆ ಬುಷ್ ಹಾಕಿದ ಸ್ಟೇನ್‌ಲೆಸ್ ಸ್ಟೀಲ್. ತಳ ಓರೆಯಿದ್ದರೆ ಮಟ್ಟ ಮಾಡಲು ಒಂದು ಓರೆ ದಿಮ್ಮಿ ಕೊಡಬೇಕಾಗುತ್ತದೆ, ಅದನ್ನು ಬಿಡುವ ಕೆಲಸಗಾರರೂ ಇದ್ದಾರೆ. ತಳಕ್ಕೆ ಚಿಪ್ಪು ಹಿಡಿಯದ ಬಣ್ಣ ಬಳಿಯುವಾಗ ಟ್ರಾನ್ಸ್‌ಡ್ಯೂಸರ್‌ನ ಮುಖಕ್ಕೆ ನೀರಿನಲ್ಲಿ ಕಲಸುವ ಬಗೆಯದೇ ಬಳಿಸಿ. ಥಿನ್ನರ್ ಬಣ್ಣ ಅದರ ಮುಖ ತಿನ್ನುತ್ತದೆ.

ಸಮಯವೂ ನೋಡಿಕೊಳ್ಳಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೋಟು ಮೇಲೆ ಬಂದಿರುತ್ತದೆ, ಆಗಲೇ ಮಾಡಿಸಿ. ಸೀಲಂಟ್ ಒಣಗಲು ಸಮಯ ಸಿಗುತ್ತದೆ. ಇಳಿಸಿದ ಕೂಡಲೇ ಒಳಗಿನಿಂದ ನೋಡಿ, ಮಾರನೇ ದಿನ ಇನ್ನೊಮ್ಮೆ ನೋಡಿ. ಒಂದು ರಾತ್ರಿ ಯಾರೂ ನೋಡದೆ ಬಿಡುವುದು ಮಾತ್ರ ಬೇಡ.

ಎಲ್ಲಾದರೂ ಮನಸ್ಸು ಗಟ್ಟಿಯಾಗಿಲ್ಲ ಅಂದರೆ ಬಡವರ ದಾರಿಯೂ ಒಂದಿದೆ. ಒಂದು ಪೈಪಿನ ತುದಿಗೆ ಟ್ರಾನ್ಸ್‌ಡ್ಯೂಸರ್ ಕಟ್ಟಿ, ದೋಣಿಯ ಪಕ್ಕಕ್ಕೆ ಕ್ಲಾಂಪಿನಿಂದ ಹಿಡಿಸಿ, ಬೇಕಾದಾಗ ನೀರಿಗೆ ಇಳಿಸುವುದು. ಓಡುವಾಗ ಎತ್ತಬೇಕು, ಮರೆತರೆ ಪೈಪು ಬಾಗುತ್ತದೆ. ಆದರೆ ಒಂದು ಹಂಗಾಮು ಹೀಗೆ ಕಳೆದರೆ ನಿಮಗೆ ಯಂತ್ರದಿಂದ ಏನು ಬೇಕು ಎನ್ನುವುದು ಗೊತ್ತಾಗಿರುತ್ತದೆ. ಬಾಡಿಗೆ ದೋಣಿಯವರಿಗೆ ನಾನು ಹೇಳುವುದು ಇದನ್ನೇ.

ಎಲ್ಲಿ ಕೂರಿಸಿದರೂ ಇವಷ್ಟು

ವೈರ್ ಉದ್ದ ಜಾಸ್ತಿಯಾಯಿತೆಂದು ಕತ್ತರಿಸಬೇಡಿ, ಸುತ್ತಿ ಕಟ್ಟಿಡಿ. ಸ್ಪಾರ್ಕ್ ಪ್ಲಗ್‌ನ ವೈರು, ವೈರ್‌ಲೆಸ್ ಸೆಟ್ಟಿನ ಆಂಟೆನಾ ವೈರು ಇವುಗಳ ಜೊತೆ ಒಂದೇ ಕಟ್ಟಿನಲ್ಲಿ ಎಳೆಯಬೇಡಿ, ಪರದೆ ತುಂಬ ಮಳೆ ಬಿದ್ದ ಹಾಗೆ ಚುಕ್ಕೆ ಬರುತ್ತದೆ. ಎಂಜಿನ್ ಹಾಕಿದಾಗ ಮಾತ್ರ ಚುಕ್ಕೆ ಬಂದರೆ ಕಾರಣ ಹೆಚ್ಚಾಗಿ ಇದೇ. ಪವರ್ ನೇರ ಬ್ಯಾಟರಿಯಿಂದ ಬರಲಿ, ನಡುವೆ ಫ್ಯೂಸ್ ಇರಲಿ.

ಇನ್ನೊಂದು, ಯಂತ್ರ ಆಳ ಲೆಕ್ಕ ಹಾಕುವುದು ಟ್ರಾನ್ಸ್‌ಡ್ಯೂಸರ್‌ನ ಮುಖದಿಂದ. ನೀರಿನ ಮೇಲ್ಮೈಯಿಂದಲ್ಲ, ಎಂಜಿನ್ನಿನ ಪ್ರೊಪೆಲ್ಲರಿನಿಂದಲೂ ಅಲ್ಲ. ಸೆಟ್ಟಿಂಗ್‌ನಲ್ಲಿ ಕೀಲ್ ಆಫ್‌ಸೆಟ್ ಎಂದು ಇರುತ್ತದೆ, ಟ್ರಾನ್ಸ್‌ಡ್ಯೂಸರ್‌ನ ಮುಖದಿಂದ ನೀರಿನ ಮೇಲ್ಮೈಗೋ ಪ್ರೊಪೆಲ್ಲರಿನ ತುದಿಗೋ ಇರುವ ಅಂತರ ಅಳೆದು ಅಲ್ಲಿ ಹಾಕಿ. ಗಂಗೊಳ್ಳಿ ಅಳಿವೆಯಲ್ಲಿ ಮರಳದಿಬ್ಬದ ಮೇಲೆ ಇಳಿತದ ಹೊತ್ತಿನಲ್ಲಿ ಬರುವಾಗ ಎರಡಡಿ ವ್ಯತ್ಯಾಸ ಅಂದರೆ ಏನೆಂದು ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಅಂದ ಹಾಗೆ, ಅಳತೆಯನ್ನು ಮೀಟರಿನಿಂದ ಫ್ಯಾದಂಗೆ ಬದಲಾಯಿಸಿಕೊಳ್ಳಿ. ಒಂದು ಫ್ಯಾದಂ ಅಂದರೆ ಆರಡಿ, ನಮ್ಮ ಒಂದು ಮಾರು. ಹಿರಿಯರು ಹೇಳಿದ ಆಳವನ್ನೂ ಪರದೆಯ ಆಳವನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಹೆಚ್ಚಿನ ಸಲ ಎರಡೂ ಒಂದೇ ಬರುತ್ತದೆ, ಆಗ ಮಾತ್ರ ಅವರು ಯಂತ್ರವನ್ನು ನಂಬುತ್ತಾರೆ.

ಭಾವನ ದೋಣಿಯಲ್ಲಿ ಈಗ ಇರುವುದು ಪೈಪಿನ ತೊಟ್ಟಿ, ಹಿಂದಿನ ಹಲಗೆಗಿಂತ ಒಂದೂವರೆ ಮಾರು ಮುಂದೆ, ಬಲಕ್ಕೆ ಒಂದು ಗೇಣು. ಬಂಗುಡೆ, ಬೂತಾಯಿಗೆ ಸಾಕೇ ಸಾಕು. ಮಳೆಗಾಲ ಶುರುವಾಗುವ ಮೊದಲು ಮುಚ್ಚಳ ತೆಗೆದು ಎಣ್ಣೆ ನೋಡುತ್ತೇವೆ, ಕಡಿಮೆಯಾಗಿದ್ದರೆ ತುಂಬುತ್ತೇವೆ. ಮೊದಲ ವರ್ಷ ಭಾವ ಅಂಗಡಿಗೆ ಹೋಗಿ ಒಂದೂವರೆ ಲೀಟರ್ ಹರಳೆಣ್ಣೆ ಕೇಳಿದಾಗ ಅಂಗಡಿಯಾತ ಕನ್ನಡಕದ ಮೇಲಿಂದ ನೋಡಿ, "ಮನೆಯಲ್ಲಿ ಎಷ್ಟು ಜನರಿಗೆ ಹೊಟ್ಟೆ ಕಟ್ಟಿದೆ ಮಾರಾಯ್ರೆ?" ಎಂದು ಕೇಳಿದನಂತೆ.